ಬರೆದವರು ಯಾರು? ರನ್ನನ ಸೀಮೆಯಲ್ಲಿ ಯಂತ್ರದ ಕಥೆಗಳು

(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಹಳೆಯ ನೆನಪುಗಳನ್ನು ನನಗಿಂತ ಮೊದಲು ಮಾತನಾಡಿದವರು ಚೆನ್ನಾಗಿ ಹೇಳಿದ್ದಾರೆ. ಸಂಘಟಕರು ನನಗೆ ಕೊಟ್ಟ ವಿಷಯ ಇವತ್ತಿನದು. ಮಹೋತ್ಸವದ ಕಥಾಸ್ಪರ್ಧೆಯ ತೀರ್ಪುಗಾರರಲ್ಲಿ ನಾನೂ ಒಬ್ಬ. ಮಕ್ಕಳಿಗೆ ಕೊಟ್ಟ ವಿಷಯ: "ನೀವು ಓದಿದ ಒಂದು ಕಥೆಯ ಪಾತ್ರವನ್ನು ತೆಗೆದುಕೊಂಡು ಹೊಸ ಕಥೆ ಬರೆಯಿರಿ." ಬಂದ ಕಥೆಗಳನ್ನು ಓದುವಾಗ ನಮ್ಮ ಮುಂದೆ ಒಂದು ಪ್ರಶ್ನೆ ಎದ್ದಿತು. ಇದನ್ನು ಮಗು ಬರೆಯಿತೋ, ಮೊಬೈಲ್ ಬರೆಯಿತೋ? ಈ ಪ್ರಶ್ನೆ ಈಗ ಎಲ್ಲ ಶಾಲೆಗಳ, ಎಲ್ಲ ತಂದೆತಾಯಿಗಳ ಪ್ರಶ್ನೆ ಆಗಿರುವುದರಿಂದ ನಿಮ್ಮ ಮುಂದೆ ಇಡುತ್ತಿದ್ದೇನೆ.

ಓದಿ ಮೆಚ್ಚಿದ ಕಥೆಯ ಪಾತ್ರಗಳನ್ನು ಇಟ್ಟುಕೊಂಡು ಓದುಗರೇ ಮುಂದಿನ ಕಥೆ ಬರೆಯುವುದಕ್ಕೆ ಹೊರದೇಶಗಳಲ್ಲಿ 'ಫ್ಯಾನ್ ಫಿಕ್ಷನ್' ಎನ್ನುತ್ತಾರೆ. ನಾವು ಅಭಿಮಾನಿ ಕಥೆ ಎನ್ನೋಣ. ಹ್ಯಾರಿ ಪಾಟರ್ ಓದಿದ ಹುಡುಗಿ, ಅವನ ಗೆಳೆಯನ ಬಗ್ಗೆ ತನ್ನದೇ ಕಥೆ ಬರೆಯುತ್ತಾಳೆ. ದುಡ್ಡಿಗಾಗಿ ಅಲ್ಲ, ಪ್ರೀತಿಗಾಗಿ. ಇಂಥ ಲಕ್ಷಾಂತರ ಕಥೆಗಳ ದೊಡ್ಡ ಭಂಡಾರ 'ಆರ್ಕೈವ್ ಆಫ್ ಅವರ್ ಓನ್'. ಅದು 2009ರಲ್ಲಿ ಶುರುವಾಯಿತು. ನಡೆಸುವವರು ಸ್ವಯಂಸೇವಕರು.

ಇದು ನಮಗೆ ಹೊಸದೇನೂ ಅಲ್ಲ. ವ್ಯಾಸರ ಭಾರತವನ್ನು ಪಂಪ 941ರಲ್ಲಿ ಅರ್ಜುನನ ಕಡೆಯಿಂದ ಹೇಳಿದ. ಪಂಪನ ಕಾವ್ಯದ ಕೊನೆಯ ಭಾಗದಲ್ಲಿ ಬರುವ ಗದಾಯುದ್ಧದ ಪ್ರಸಂಗವನ್ನು ನಮ್ಮ ಮುಧೋಳದ ರನ್ನ ಎತ್ತಿಕೊಂಡು, ಭೀಮನನ್ನು ನಾಯಕನನ್ನಾಗಿ ಮಾಡಿ ಒಂದು ಇಡೀ ಕಾವ್ಯ ಕಟ್ಟಿದ. ಆದರೆ ಓದಿದವರ ಮನಸ್ಸಿನಲ್ಲಿ ನಿಲ್ಲುವವನು ದುರ್ಯೋಧನ. ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತ ಅವನು ದ್ರೋಣ, ದುಶ್ಶಾಸನ, ಕರ್ಣರನ್ನು ಕಂಡು ಅಳುತ್ತಾನೆ. ವೈರಿಯ ಮಗ ಅಭಿಮನ್ಯುವಿನ ಹೆಣದ ಮುಂದೆ ನಿಂತು ಅವನ ಶೌರ್ಯಕ್ಕೆ ಕೈಮುಗಿಯುತ್ತಾನೆ. ಸುಮಾರು ಸಾವಿರ ವರ್ಷದ ನಂತರ ಬಿ.ಎಂ. ಶ್ರೀಕಂಠಯ್ಯನವರು ರನ್ನನ ಕಾವ್ಯವನ್ನೇ 'ಗದಾಯುದ್ಧ ನಾಟಕಂ' ಮಾಡಿದರು. ನಮ್ಮ ಸೀಮೆಯ ಶ್ರೀಕೃಷ್ಣ ಪಾರಿಜಾತವೂ ಹೀಗೆಯೇ ಪುರಾಣದ ಕಥೆಯಿಂದ ಹುಟ್ಟಿದ ಆಟ. ಅಂದಮೇಲೆ ಇನ್ನೊಬ್ಬರ ಪಾತ್ರ ತೆಗೆದುಕೊಂಡು ಬರೆಯುವುದು ಕಳ್ಳತನ ಅಲ್ಲ. ತೆಗೆದುಕೊಂಡವನು ಅದಕ್ಕೆ ತನ್ನದೇನು ಸೇರಿಸಿದ ಎಂಬುದನ್ನು ನೋಡಬೇಕು.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತು. "ದುರ್ಯೋಧನನ ಬಗ್ಗೆ ಕಥೆ ಬರೆ" ಎಂದರೆ ಅರೆನಿಮಿಷದಲ್ಲಿ ಬರೆದು ಕೊಡುತ್ತದೆ. ಅದು ಮಾಡುವ ಕೆಲಸವನ್ನು ಸರಳವಾಗಿ ಹೇಳುತ್ತೇನೆ. ಅದಕ್ಕೆ ಕೋಟ್ಯಂತರ ಪುಟ ಓದಿಸಿದ್ದಾರೆ. ಒಂದು ಮಾತಿನ ಮುಂದೆ ಸಾಮಾನ್ಯವಾಗಿ ಯಾವ ಮಾತು ಬರುತ್ತದೆ ಎಂದು ಅಂದಾಜು ಮಾಡಿ ಒಂದೊಂದೇ ತುಣುಕು ಜೋಡಿಸುತ್ತ ಹೋಗುತ್ತದೆ. ಹೆಚ್ಚು ಜನ ಬರೆದಂತೆ ಬರೆಯುವುದು ಅದರ ಸ್ವಭಾವ.

ಇದರ ಪೆಟ್ಟು ಮೊದಲು ತಗುಲಿದ್ದು ಕಥೆ ಬರೆಯುವ ಸಮುದಾಯಗಳಿಗೇ. 'ಕ್ಲಾರ್ಕ್ಸ್‌ವರ್ಲ್ಡ್' ಎಂಬ ಅಮೆರಿಕದ ವಿಜ್ಞಾನ ಕಥೆಗಳ ಪತ್ರಿಕೆಗೆ 2023ರ ಫೆಬ್ರುವರಿಯಲ್ಲಿ ಯಂತ್ರದ ಕಥೆಗಳು ಎಷ್ಟು ಬಂದು ಬಿದ್ದವೆಂದರೆ, ಕೆಲಕಾಲ ಕಥೆ ಸ್ವೀಕರಿಸುವುದನ್ನೇ ಅವರು ನಿಲ್ಲಿಸಬೇಕಾಯಿತು. ಅಭಿಮಾನಿ ಕಥೆಗಾರರಿಗೆ ಇನ್ನೊಂದು ನೋವು. ಅವರು ಪುಕ್ಕಟೆ ಬರೆದಿಟ್ಟ ಕಥೆಗಳನ್ನೇ ಯಂತ್ರಗಳಿಗೆ ಓದಿಸಲಾಗಿದೆ ಎಂಬ ಕುರುಹುಗಳು ಸಿಕ್ಕವು. ಅವರ ಗುಂಪಿನಲ್ಲಷ್ಟೇ ಬಳಕೆಯಲ್ಲಿದ್ದ ಪದಗಳು ಯಂತ್ರದ ಬಾಯಲ್ಲಿ ಬರತೊಡಗಿದವು. ಆ ದೊಡ್ಡ ಭಂಡಾರದವರು ಮಾತ್ರ, ಯಂತ್ರ ಬಳಸಿದ ಕಥೆ ತಮ್ಮ ನಿಯಮಕ್ಕೆ ವಿರುದ್ಧವಲ್ಲ ಎಂದು 2023ರಲ್ಲಿ ಹೇಳಿದರು. ಹೀಗಾಗಿ ಗುರುತಿಸುವ ಕೆಲಸ ಓದುಗರ ಮೇಲೆ ಬಿತ್ತು.

ಓದುಗರು ಕಂಡುಕೊಂಡ ಗುರುತುಗಳು ಕನ್ನಡಕ್ಕೂ ಹೊಂದುತ್ತವೆ. ಯಂತ್ರದ ಕಥೆಗೆ ಊರು ಇರುವುದಿಲ್ಲ. "ಒಂದು ಸುಂದರ ಹಳ್ಳಿಯಲ್ಲಿ" ಎಂದು ಶುರುವಾಗುತ್ತದೆ, ಆ ಹಳ್ಳಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಓಡಾಡುವುದಿಲ್ಲ, ಘಟಪ್ರಭೆಯ ನೀರು ಹೊಲಕ್ಕೆ ನುಗ್ಗುವುದಿಲ್ಲ. ವಾಕ್ಯಗಳೆಲ್ಲ ಒಂದೇ ಅಳತೆ. "ಅದು ಬರೀ ಮಳೆಯಾಗಿರಲಿಲ್ಲ, ಅದು ಭರವಸೆಯಾಗಿತ್ತು" ಎಂಬಂಥ ಮಾತು ಪುಟಕ್ಕೆ ನಾಲ್ಕು ಸಲ. ಜಗಳ ಬೇಗ ತೀರುತ್ತದೆ. ಕೊನೆಗೆ ಎಲ್ಲರಿಗೂ ಒಂದು ನೀತಿಪಾಠ. ಜಮಖಂಡಿಯ ಆಯಿ ಮೈಸೂರಿನ ಪಠ್ಯಪುಸ್ತಕದ ಹಾಗೆ ಮಾತಾಡುತ್ತಾಳೆ. ಮತ್ತು ಮೂಲ ಕಥೆ ಬಲ್ಲವರಿಗೆ ತಟ್ಟನೆ ಕಾಣುವುದು ಪಾತ್ರದ ದೋಷ. ವೈಶಂಪಾಯನ ಸರೋವರದಲ್ಲಿ ಅಡಗಿದ ಛಲದಂಕಮಲ್ಲನನ್ನು ಯಂತ್ರ ಎರಡೇ ಪ್ಯಾರಾದಲ್ಲಿ ಪಶ್ಚಾತ್ತಾಪಪಡಿಸಿ ಭೀಮನನ್ನು ಅಪ್ಪಿಕೊಳ್ಳುವಂತೆ ಮಾಡಿಬಿಡುತ್ತದೆ.

ನಮ್ಮ ಪಾರಿಜಾತದ ಆಟ ನೋಡಿದವರಿಗೆ ಇದು ಅರ್ಥವಾಗುತ್ತದೆ. ಭಾಗವತ ಮತ್ತು ದೂತಿಯ ಮಾತಿನಲ್ಲಿ ಆ ಊರಿನ ಗೌಡರು, ಆ ವರ್ಷದ ಮಳೆ, ಮುಂದೆ ಕುಳಿತವರ ಪಟಗ ಎಲ್ಲ ಬರುತ್ತವೆ. ಆಟ ಒಂದೇ, ಆದರೆ ಬೀಳಗಿಯಲ್ಲಿ ಆಡಿದ್ದು ಲೋಕಾಪುರದಲ್ಲಿ ಆಡಿದಂತೆ ಇರುವುದಿಲ್ಲ.

ಆದರೆ ಬಂಧುಗಳೇ, ಈ ಗುರುತುಗಳನ್ನು ಹಿಡಿದು ಯಾರ ಮೇಲೂ ತೀರ್ಪು ಕೊಡಬೇಡಿ. ಅವು ಸಂಶಯಕ್ಕೆ ಸಾಕು, ಶಿಕ್ಷೆಗೆ ಸಾಲವು. ಸರ್ವಜ್ಞನ ತ್ರಿಪದಿಗಳ ವಿಷಯ ನಿಮಗೆ ಗೊತ್ತು. ಕೊನೆಗೆ 'ಸರ್ವಜ್ಞ' ಎಂದು ಹಚ್ಚಿ ಯಾರು ಯಾರೋ ಪದ ಕಟ್ಟಿದರು. 1924ರಲ್ಲಿ ಅವನ್ನು ಸಂಪಾದಿಸಿ ಪ್ರಕಟಿಸಿದ ಉತ್ತಂಗಿ ಚನ್ನಪ್ಪನವರ ಕೆಲಸ ಎಷ್ಟು ಕಷ್ಟದ್ದು ಎಂದು ಯೋಚಿಸಿ. ವಚನಗಳಲ್ಲಿಯೂ ಅಂಕಿತ ಒಂದನ್ನೇ ನಂಬಿ ಯಾವ ವಿದ್ವಾಂಸರೂ ನಿರ್ಣಯಿಸುವುದಿಲ್ಲ. ಹಸ್ತಪ್ರತಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡುತ್ತಾರೆ.

ಯಂತ್ರದ ಬರಹವನ್ನು ಯಂತ್ರದಿಂದಲೇ ಹಿಡಿಯಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಅಂಥ ಒಂದು ಸಾಧನ ತಂದಿತ್ತು. ಅವರದೇ ಪರೀಕ್ಷೆಯಲ್ಲಿ ಅದು ಯಂತ್ರದ ಬರಹಗಳಲ್ಲಿ ನೂರಕ್ಕೆ 26ನ್ನು ಮಾತ್ರ ಹಿಡಿಯಿತು. ಮನುಷ್ಯರು ಬರೆದದ್ದರಲ್ಲಿ ನೂರಕ್ಕೆ 9ನ್ನು ಯಂತ್ರದ್ದು ಎಂದಿತು. ಜುಲೈ ಹೊತ್ತಿಗೆ ಅದನ್ನು ಹಿಂತೆಗೆದುಕೊಂಡರು. ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಏಳು ಪತ್ತೆ ಸಾಧನಗಳನ್ನು ಪರೀಕ್ಷಿಸಿದರು. ಇಂಗ್ಲಿಷ್ ಮನೆಮಾತಲ್ಲದ ವಿದ್ಯಾರ್ಥಿಗಳು ಸ್ವಂತ ಬರೆದ 91 ಪ್ರಬಂಧಗಳನ್ನು ಕೊಟ್ಟಾಗ, ಆ ಸಾಧನಗಳು ಸರಾಸರಿ ಅರ್ಧಕ್ಕಿಂತ ಹೆಚ್ಚಿನವನ್ನು ಯಂತ್ರದ್ದೆಂದು ತಪ್ಪಾಗಿ ಹೇಳಿದವು. ಕಾರಣ, ಸರಳ ಪದಗಳನ್ನು ಎಚ್ಚರಿಕೆಯಿಂದ ಬರೆದರೆ ಅದು ಯಂತ್ರದಂತೆ ಕಾಣುತ್ತದೆ. ನಮ್ಮ ಹಳ್ಳಿ ಶಾಲೆಯ ಮಗು ಬರೆಯುವುದು ಹಾಗೆಯೇ ಅಲ್ಲವೇ?

ನಮ್ಮ ಸ್ಪರ್ಧೆಯಲ್ಲಿ ಇದೇ ಆಯಿತು. ಎರಡು ಕಥೆಗಳ ಮೇಲೆ ಸಂಶಯ ಬಂತು. ಒಂದು ಒಂಬತ್ತನೆಯ ತರಗತಿಯ ಹುಡುಗಿಯದು, ಪೂರಾ ಗ್ರಂಥದ ಕನ್ನಡ. "ಈ ವಯಸ್ಸಿನವರು ಇಂಥ ಭಾಷೆ ಬರೆಯುವುದಿಲ್ಲ, ತೆಗೆದುಬಿಡೋಣ" ಎಂದರು ಒಬ್ಬ ತೀರ್ಪುಗಾರರು. ಕರೆದು ಕೇಳೋಣ ಎಂದು ಉಳಿದವರು ಹೇಳಿದೆವು. ಕಥೆ ಹೀಗಿತ್ತು: ಯುದ್ಧ ಮುಗಿದ ಮೇಲೆ ಹಸ್ತಿನಾವತಿಗೆ ಒಬ್ಬ ಬಳೆಗಾರ ಬರುತ್ತಾನೆ. ಓಣಿ ಓಣಿ ತಿರುಗುತ್ತಾನೆ. ಬಳೆ ಇಡಿಸಿಕೊಳ್ಳುವ ಒಂದು ಕೈಯೂ ಸಿಗುವುದಿಲ್ಲ. ಕೊನೆಗೆ ಅರಮನೆಯ ಹಿತ್ತಲಲ್ಲಿ ಭಾನುಮತಿ ಅವನಿಗೆ ನೀರು ಕೊಡುತ್ತಾಳೆ.

"ಯವ್ವಾ, ಬಳಿಗಾರ ಯಾಕ ಬಂದ ನಿನ್ನ ಕಥಿಯೊಳಗ?" ಎಂದು ಕೇಳಿದೆ.

"ರನ್ನ ಬಳಿಗಾರರ ಮನಿ ಮಗ ಅಂತ ಪಾಠದಾಗ ಓದೀನ್ರಿ ಸರ್. ನಮ್ಮ ಆಯಿ ಹೇಳ್ತಿದ್ಲು, ಮುತ್ತ್ಯಾ ಸತ್ತ ಮ್ಯಾಲ ಬಳಿಗಾರ ಬಂದ್ರ ಒಳಗ ಹೋಗಿ ಕುಂದರ್ತಿದ್ಲಂತ್ರಿ."

ಆಮೇಲೆ ಅವಳು ಹೊಡೆದುಹಾಕಿ ತಿದ್ದಿದ ನೋಟಬುಕ್ ತಂದು ತೋರಿಸಿದಳು. ನಮಗೆ ಅದರ ಅಗತ್ಯ ಉಳಿದಿರಲಿಲ್ಲ. ಕರೆದು ಕೇಳದೆ ತೆಗೆದಿದ್ದರೆ ಆ ಮಗು ಮತ್ತೆ ಪೆನ್ನು ಹಿಡಿಯುತ್ತಿತ್ತೇ?

ಇನ್ನೊಂದು ಕಥೆಯ ಹುಡುಗನನ್ನೂ ಕೇಳಿದೆವು. ತಪ್ಪಿಲ್ಲದ ಕಥೆ, ಆದರೆ ಅದರಲ್ಲಿ ಏನಿದೆ ಎಂದು ಅವನಿಗೇ ಹೇಳಲಾಗಲಿಲ್ಲ. "ಮೊಬೈಲದಾಗ ತಗದೇನ್ರಿ" ಎಂದು ಒಪ್ಪಿಕೊಂಡ. ಬೈಯಲಿಲ್ಲ. ಅಲ್ಲೇ ಕೂತು ಬರಿ ಎಂದೆವು. ಒಂದೂವರೆ ಪುಟ ಬರೆದ, ಕಾಗುಣಿತ ತಪ್ಪಿದ್ದವು. ಅದರಲ್ಲಿ ಭೀಮ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಊಟಕ್ಕೆ ಕೂತು ರೊಟ್ಟಿ ಎಣಿಸುತ್ತಾನೆ. ನಾವೆಲ್ಲ ನಕ್ಕೆವು. ಆ ಕಥೆ ಈಗ ಶಾಲೆಯ ಭಿತ್ತಿಪತ್ರಿಕೆಯಲ್ಲಿದೆ, ಹೋಗುವಾಗ ಓದಿರಿ.

ಯಂತ್ರವೇ ಬೇಡ ಎಂದು ನಾನು ಹೇಳುತ್ತಿಲ್ಲ. ರಬಕವಿ-ಬನಹಟ್ಟಿಯಲ್ಲಿ ಪಾವರಲೂಮ್ ನಡೆಸಿ ಎಷ್ಟೋ ಮನೆಗಳು ಮರ್ಯಾದೆಯಿಂದ ಉಣ್ಣುತ್ತಿವೆ. ಆದರೆ ಪಾವರಲೂಮಿನ ಸೀರೆಗೆ ಕೈಮಗ್ಗದ್ದು ಎಂದು ಹೇಳಿ ಮಾರಿದರೆ ಕೈಮಗ್ಗದವನ ತುತ್ತು ಹೋಗುತ್ತದೆ. ಅದಕ್ಕಾಗಿಯೇ 1985ರಲ್ಲಿ ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿಡುವ ಕಾಯ್ದೆ ಬಂತು, 2006ರಲ್ಲಿ ಕೈಮಗ್ಗದ ಗುರುತಿನ ಮುದ್ರೆ ಬಂತು. ಬರಹಕ್ಕೂ ಇಷ್ಟು ಸಾಕು: ಯಂತ್ರದ ಸಹಾಯ ಪಡೆದಿದ್ದರೆ ಹಾಗೆಂದು ಬರೆಯಿರಿ.

ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿ. ಕಥೆಯ ಕಚ್ಚಾ ಪ್ರತಿಯನ್ನೂ ಕೇಳಿರಿ. ಅರ್ಧ ಭಾಗವನ್ನು ತರಗತಿಯಲ್ಲೇ ಬರೆಸಿರಿ. ಸಂಶಯ ಬಂದರೆ ನಾಲ್ಕು ಜನರ ಮುಂದೆ ಅಲ್ಲ, ಹತ್ತಿರ ಕೂರಿಸಿಕೊಂಡು ಆ ಕಥೆಯ ಬಗ್ಗೆಯೇ ಮಾತನಾಡಿರಿ. ತಾಯಂದಿರೇ, ಮನೆಯ ಹಿರಿಯರೇ, ಮಕ್ಕಳಿಗೆ ನಿಮ್ಮ ಕಥೆ ಹೇಳಿರಿ. ಆ ಹುಡುಗಿಯ ಆಯಿ ಹೇಳಿದ ಮಾತು ಯಾವ ಯಂತ್ರಕ್ಕೂ ಗೊತ್ತಿರಲಿಲ್ಲ.

ಮಕ್ಕಳೇ, ರನ್ನ ತನ್ನ 'ಅಜಿತಪುರಾಣ'ದಲ್ಲಿ ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ ಎಂದು ಹೇಳಿಕೊಂಡ. ಊರನ್ನೂ, ಬಳೆಗಾರ ಕುಲವನ್ನೂ ಮುಚ್ಚಿಡಲಿಲ್ಲ. ನೀವೂ ಬರೆದದ್ದರ ಕೆಳಗೆ ನಿಮ್ಮ ಹೆಸರು ಹಾಕುವಾಗ, ಯಾರಾದರೂ "ಇದು ಯಾಕ ಹಿಂಗ?" ಎಂದು ಕೇಳಿದರೆ ಉತ್ತರ ಹೇಳುವಂತಿರಲಿ. ಶಾಲೆಯ ನೂರನೆಯ ವರ್ಷದ ಸಂಚಿಕೆಯನ್ನು ನೀವೇ ಬರೆಯುವವರು.