ಹಗ್ಗ ಬೀಸುತ್ತಾ ನಗಿಸಿದವನು

(ಪತ್ರಿಕೋದ್ಯಮ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹರೂಪ)



ಬೆಳಿಗ್ಗೆ ಪತ್ರಿಕೆ ಓದುವುದು, ರಾತ್ರಿ ಅದನ್ನೇ ಹೇಳಿ ಜನರನ್ನು ನಗಿಸುವುದು. ಇದೂ ಒಂದು ಉದ್ಯೋಗವೇ ಎಂದು ನೀವು ಕೇಳಬಹುದು. ಅಮೆರಿಕದ ವಿಲ್ ರೋಜರ್ಸ್ ಇದರಿಂದಲೇ ಮನೆಮಾತಾದ.

ಈತ ಹುಟ್ಟಿದ್ದು 1879ರಲ್ಲಿ, ಇಂದಿನ ಒಕ್ಲಹೋಮ ರಾಜ್ಯಕ್ಕೆ ಸೇರಿದ ಚೆರೋಕಿ ಮೂಲನಿವಾಸಿಗಳ ಸೀಮೆಯಲ್ಲಿ. ತಂದೆ, ತಾಯಿ ಇಬ್ಬರೂ ಚೆರೋಕಿ ಮೂಲದವರೇ. ತಂದೆಗೆ ಸಾವಿರಾರು ದನ ಮೇಯುವ ಹುಲ್ಲುಗಾವಲಿತ್ತು. ಚೆರೋಕಿಗಳ ಸಾಮೂಹಿಕ ಭೂಮಿಯನ್ನು ಸರ್ಕಾರ ತುಂಡು ಮಾಡಿ ಹಂಚಿದಾಗ ಅದು ಕೈತಪ್ಪಿತು. ಮಗನ ಕೈಯಲ್ಲಿ ಉಳಿದದ್ದು ಓಡುವ ದನಕ್ಕೆ ಕುಣಿಕೆ ಎಸೆಯುವ ಚಳಕ. ಅದನ್ನೇ ನಂಬಿ ರಂಗ ಏರಿದ.

ನ್ಯೂಯಾರ್ಕ್‌ನಲ್ಲಿ ಝೀಗ್‌ಫೆಲ್ಡ್ ಎಂಬಾತನ ತಡರಾತ್ರಿಯ ಪ್ರದರ್ಶನಕ್ಕೆ ಅದೇ ಪ್ರೇಕ್ಷಕರು ಮತ್ತೆ ಮತ್ತೆ ಬರುತ್ತಿದ್ದರು. ನಿನ್ನೆಯ ಜೋಕಿಗೆ ಇವತ್ತು ಯಾರು ನಗುತ್ತಾರೆ? ಹೀಗಾಗಿ ಅಂದಂದಿನ ಸುದ್ದಿಯೇ ಅವನಿಗೆ ಸರಕಾಯಿತು. 1916ರಲ್ಲಿ ಬಾಲ್ಟಿಮೋರ್‌ನಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ ಎದುರಿಗೇ ಕುಳಿತಿದ್ದಾಗ ಅವರ ಸರ್ಕಾರದ ಸೇನಾ ಸಿದ್ಧತೆಯನ್ನೇ ಗೇಲಿ ಮಾಡಿದ. ವಿಲ್ಸನ್ ಮನಸಾರೆ ನಕ್ಕರು.

1922ರಲ್ಲಿ ವಾರದ ಅಂಕಣ ಶುರುವಾಯಿತು. 1926ರಿಂದ ಪ್ರತಿದಿನ ಕೆಲವೇ ಸಾಲಿನ ಬರಹ. ತಾನಿದ್ದ ಊರಿನಿಂದಲೇ ತಂತಿ ಮೂಲಕ ಕಳಿಸುತ್ತಿದ್ದ. ನೂರಾರು ಪತ್ರಿಕೆಗಳು ಅಚ್ಚು ಹಾಕುತ್ತಿದ್ದವು. 1918ರಲ್ಲೇ ಸಿನಿಮಾಕ್ಕೆ ಕಾಲಿಟ್ಟಿದ್ದರೂ, ಮಾತೇ ಬಂಡವಾಳವಾದವನಿಗೆ ಮೂಕಿ ಚಿತ್ರ ಅಷ್ಟಾಗಿ ಒಗ್ಗಲಿಲ್ಲ. ಟಾಕಿ ಬಂದ ಮೇಲೆ ಕಳೆಕಟ್ಟಿತು. 1934ರಲ್ಲಿ ಚಿತ್ರಮಂದಿರಗಳ ಗಲ್ಲಾಪೆಟ್ಟಿಗೆ ತುಂಬಿಸಿದ ತಾರೆಯರಲ್ಲಿ ಅವನೇ ಮೊದಲಿಗ.

1931ರ ಬರಗಾಲದಲ್ಲಿ ಟೆಕ್ಸಸ್, ಅರ್ಕಾನ್ಸಾಗಳಲ್ಲಿ ಊರೂರು ತಿರುಗಿ, ಪ್ರದರ್ಶನ ಕೊಟ್ಟು ಸಂತ್ರಸ್ತರಿಗೆ ಹಣ ಕೂಡಿಸಿದ. ಇಂಥವನೇ 1934ರ ಜನವರಿಯಲ್ಲಿ ರೇಡಿಯೋದಲ್ಲಿ ಕಪ್ಪು ಜನರನ್ನು ಹೀನೈಸುವ ಪದವನ್ನು ಸಲೀಸಾಗಿ ಬಳಸಿದ. ಪ್ರತಿಭಟನೆಗಳು ಬಂದವು. ನೆಲ ಕಳೆದುಕೊಂಡ ಜನರ ನಡುವೆ ಬೆಳೆದವನಿಗೂ ಮತ್ತೊಬ್ಬರ ಅವಮಾನ ಕಾಣಲಿಲ್ಲ.

1935ರ ಆಗಸ್ಟ್ 15ರಂದು ಅಲಾಸ್ಕದಲ್ಲಿ ನಡೆದ ವಿಮಾನ ಅಪಘಾತದಲ್ಲಿ ಪೈಲಟ್ ವೈಲಿ ಪೋಸ್ಟ್ ಜೊತೆ ರೋಜರ್ಸ್ ಕೂಡ ಸತ್ತ. ವಯಸ್ಸು ಐವತ್ತೈದು.

ನಾಳೆ ನಿಮ್ಮಲ್ಲೂ ಕೆಲವರು ನಗೆ ಅಂಕಣ ಬರೆಯುತ್ತೀರಿ. ಅಧ್ಯಕ್ಷರನ್ನು ಕೆಣಕುವುದಕ್ಕೆ ಧೈರ್ಯವೊಂದಿದ್ದರೆ ಸಾಕು. ದನಿಯಿಲ್ಲದವರ ಬಗ್ಗೆ ಹಗುರವಾಗಿ ಆಡದಿರುವುದಕ್ಕೆ ದಿನವೂ ಎಚ್ಚರ ಬೇಕು. ರೋಜರ್ಸ್‌ಗೆ ಮೊದಲನೆಯದು ಧಾರಾಳವಾಗಿತ್ತು. ಎರಡನೆಯದು ಒಮ್ಮೆ ಕೈಕೊಟ್ಟಿತು. ಅವನನ್ನು ಓದುವಾಗ ಎರಡನ್ನೂ ನೆನಪಿಡೋಣ.