ಕೂಗಳತೆಯ ದೂರ



ದೂರವನ್ನು ಹೇಳಲು ನಮ್ಮ ಹಿರಿಯರಿಗೆ ಬಗೆಬಗೆಯ ಮಾತುಗಳಿದ್ದವು. ದೀರ್ಘ ಪಯಣಕ್ಕೆ ಗಾವುದ, ಹರದಾರಿ, ಹತ್ತಿರದ್ದಕ್ಕೆ ಕೂಗಳತೆ. ಕೂಗಿದರೆ ಕೇಳಿಸಬೇಕು, ಕೇಳಿಸಿಕೊಂಡವನು ಬರಬೇಕು. ಆ ಅಳತೆಯೊಳಗೆ ಮನುಷ್ಯನೂ ಇದ್ದ. ಇಂದು ನಾವು ದೂರವನ್ನು ಗಂಟೆಗಳಲ್ಲಿ ಹೇಳುತ್ತೇವೆ. ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದಲ್ಲಿ ಒಂದು ಗಂಟೆ.

ಈ ಒಂದು ಗಂಟೆಯನ್ನು ಕೊಂಚ ಬಿಡಿಸಿ ನೋಡೋಣ. ದೇವನಹಳ್ಳಿಯ ನಿಲ್ದಾಣದಿಂದ ಬಜಪೆಯ ನಿಲ್ದಾಣಕ್ಕೆ ನೇರವಾಗಿ ಅಳೆದರೆ ಸುಮಾರು 300 ಕಿಲೋಮೀಟರು. ಗಂಟೆಗೆ 800 ಕಿಲೋಮೀಟರಿನ ವೇಗಕ್ಕೆ ಇದು ಇಪ್ಪತ್ತಮೂರು ನಿಮಿಷದ ದಾರಿಯೂ ಅಲ್ಲ. ಆದರೆ ವಿಮಾನವು ಬಿಟ್ಟ ಬಾಣವಲ್ಲವಷ್ಟೆ. ನಿಂತ ನೆಲೆಯಿಂದ ಹೊರಟು ರನ್‌ವೇಯನ್ನು ಸೇರಬೇಕು, ಸರದಿ ಕಾಯಬೇಕು, ಮೇಲೇರಬೇಕು. ಪೂರ್ಣ ವೇಗ ಬಂದಿತೆನ್ನುವಷ್ಟರಲ್ಲಿ, ಗುಡ್ಡದ ನೆತ್ತಿಯನ್ನು ಸಮಮಾಡಿ ರಚಿಸಿದ ಬಜಪೆಯ ರನ್‌ವೇಗೆ ಇಳಿಯತೊಡಗಬೇಕು. ವೇಳಾಪಟ್ಟಿಯ ಗಂಟೆ ಇವೆಲ್ಲವನ್ನೂ ಒಳಗೊಂಡದ್ದು.

ಒಳಗೊಳ್ಳದಿರುವುದು ಇನ್ನೂ ಇದೆ. 2008ರ ಮೇ ತಿಂಗಳಲ್ಲಿ ನಿಲ್ದಾಣವು ನಗರದ ಮಗ್ಗುಲಿನಿಂದ ದೇವನಹಳ್ಳಿಗೆ ಹೋದ ಮೇಲೆ, ಜಯನಗರದ ನನ್ನ ಮನೆಯಿಂದ ಅಲ್ಲಿಗೇ ಎರಡು ಗಂಟೆ. ಅಲ್ಲಿ ಕಾಯುವುದು ಒಂದೂವರೆ. ಇಳಿದ ಮೇಲೆ ಊರೊಳಗೆ ಸೇರಲು ಮತ್ತೊಂದು. ಒಟ್ಟು ಐದೂವರೆ ಗಂಟೆ. ಶಿರಾಡಿ ಘಾಟಿಯನ್ನಿಳಿದು ಹೋಗುವ ಬಸ್ಸಿಗೆ ಏಳೆಂಟು ಗಂಟೆ. ಉಳಿತಾಯ ಎರಡೂವರೆ ಗಂಟೆಗಿಂತ ಹೆಚ್ಚೇನಲ್ಲ.

ಆದರೂ 'ಒಂದು ಗಂಟೆ' ಎಂಬ ಮಾತಿಗೆ ನಾನು ಮರುಳಾದೆ. ಬಜಪೆಯ ನಿಲ್ದಾಣ ಆರಂಭವಾದದ್ದು 1951ರಲ್ಲಿ. ನನ್ನ ಬಾಲ್ಯದಲ್ಲಿ ವಿಮಾನವೆಂಬುದು ತಲೆಯೆತ್ತಿ ನೋಡುವ ವಸ್ತು ಮಾತ್ರ. ಅಧ್ಯಾಪಕನಾಗಿದ್ದಾಗ ದಸರೆಗೂ ಬೇಸಿಗೆಗೂ ರಾತ್ರಿಯ ಬಸ್ಸು ಹತ್ತಿ ಮಂಗಳೂರಿನ ಅಕ್ಕನ ಮನೆಗೆ ಹೋಗುತ್ತಿದ್ದೆ. ಅಷ್ಟು ಬಳಲಿ ಬಂದವನು ಮರುದಿನವೇ ಹೊರಡುವುದುಂಟೆ? ಹತ್ತು ದಿನ ಇರುತ್ತಿದ್ದೆ. ವಿಮಾನ ರೂಢಿಯಾದ ಮೇಲೆ ಬೆಳಿಗ್ಗೆ ಹೋದವನು ಸಂಜೆಗೇ ಹಿಂದಿರುಗತೊಡಗಿದೆ. ಒಮ್ಮೆ ಕೈಗಡಿಯಾರ ನೋಡಿಕೊಂಡು ಎದ್ದಾಗ ಅಕ್ಕ ಕೇಳಿದಳು: "ದಾರಿಯಲ್ಲಿ ಉಳಿದ ಹೊತ್ತನ್ನೆಲ್ಲ ಎಲ್ಲಿಟ್ಟಿದ್ದಿ ಮಾರಾಯ? ಸ್ವಲ್ಪ ಇಲ್ಲಿಯೂ ಖರ್ಚು ಮಾಡಬಾರದಾ?" ನಾನು ನಕ್ಕು ಸುಮ್ಮನಾದೆ.

ಕ್ರಮೇಣ ಆ ಸಂಜೆಯ ಭೇಟಿಯೂ ತಪ್ಪಿತು. ಅವಳು ಫೋನಿನಲ್ಲಿ ಕರೆದಾಗಲೆಲ್ಲ, "ಒಂದು ಗಂಟೆಯ ದಾರಿ ತಾನೆ ಅಕ್ಕಾ, ಯಾವಾಗ ಬೇಕಾದರೂ ಬರುತ್ತೇನೆ" ಎನ್ನುತ್ತಿದ್ದೆ. ಹಾಗೆನ್ನುತ್ತಲೇ ಎರಡು ವರ್ಷ ಕಳೆಯಿತು. ಒಂದು ರಾತ್ರಿ ಅವಳು ತೀರಿಕೊಂಡ ಸುದ್ದಿ ಬಂತು. ಬೆಳಗಿನ ಮೊದಲ ವಿಮಾನ ಹತ್ತಿದೆ. ಅದು ಸಮಯಕ್ಕೆ ಸರಿಯಾಗಿಯೇ ಬಜಪೆಯಲ್ಲಿ ಇಳಿಯಿತು.

ವಿಮಾನವನ್ನು ನಾನು ದೂರುವುದಿಲ್ಲ. ಅದು ಕೊಡುತ್ತೇನೆಂದ ಹೊತ್ತನ್ನು ಕೊಟ್ಟಿತು. ಆ ಹೊತ್ತನ್ನು ಅಕ್ಕನ ಜಗುಲಿಯಲ್ಲಿ ಕಳೆಯಬೇಕಾದವನು ನಾನು. ನಿಮ್ಮವರು ಯಾರಾದರೂ ಒಂದು ಗಂಟೆಯ ದೂರದಲ್ಲಿದ್ದರೆ, ಅವರ ಕೂಗು ನಿಮಗೆ ಕೇಳಿಸುತ್ತಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.