ವಿಜ್ಞಾನಿಗಳು ಪ್ರಾರ್ಥನೆ ಮಾಡುತ್ತಾರೆಯೇ?

(ಶಾಲೆಯ ಸುವರ್ಣ ಮಹೋತ್ಸವದಲ್ಲಿ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಾಫ್ಟ್‌ವೇರಿನವನಲ್ಲವೇ, ಕಂಪ್ಯೂಟರ್ ಬಗ್ಗೆ ಮಾತಾಡು ಎಂದು ಸಮಿತಿಯವರು ಹೇಳಿದ್ದರು. ಬೇರೆ ವಿಷಯ ಕೊಡಿ ಎಂದು ನಾನೇ ಕೇಳಿಕೊಂಡೆ. ಅದಕ್ಕೆ ಕಾರಣ ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪು. ಅಲ್ಲಿ ಆಗಾಗ ಆಲ್ಬರ್ಟ್ ಐನ್‌ಸ್ಟೈನ್ ಅವರ ಫೋಟೋ ಬರುತ್ತದೆ. ಕೆದರಿದ ಬಿಳಿಕೂದಲು, ಕೆಳಗೊಂದು ಹೇಳಿಕೆ. ಒಂದು ಸಲ ಅವರು ಮಹಾ ದೈವಭಕ್ತರು, ಇನ್ನೊಂದು ಸಲ ಕಟ್ಟಾ ನಾಸ್ತಿಕರು. ಎರಡು ದಿನ ಜಗಳ ನಡೆಯುತ್ತದೆ. ಯಾರದಾದರೂ ಮದುವೆ ಕಾಗದ ಬಂದ ಮೇಲೆ ತಣ್ಣಗಾಗುತ್ತದೆ. ಜಗಳಕ್ಕೆ ನನ್ನ ಅಭ್ಯಂತರವಿಲ್ಲ. ಆದರೆ ಆ ಮನುಷ್ಯ ನಿಜವಾಗಿ ಏನು ಹೇಳಿದರು ಎಂದು ಯಾರೂ ಕೇಳುವುದಿಲ್ಲವಲ್ಲ, ಅದು ಬೇಸರ.

ಐನ್‌ಸ್ಟೈನ್ ಹುಟ್ಟಿದ್ದು 1879ರಲ್ಲಿ, ಜರ್ಮನಿಯ ಉಲ್ಮ್ ಪಟ್ಟಣದ ಒಂದು ಯಹೂದಿ ಮನೆಯಲ್ಲಿ. ತಂದೆತಾಯಿಗೆ ಮಡಿ ಆಚಾರಗಳಲ್ಲಿ ಆಸಕ್ತಿ ಇರಲಿಲ್ಲ. ಹುಡುಗ ಓದಿದ್ದು ಮ್ಯೂನಿಕ್‌ನ ಕ್ಯಾಥೊಲಿಕ್ ಪ್ರಾಥಮಿಕ ಶಾಲೆಯಲ್ಲಿ. ಆದರೂ ಸ್ವಲ್ಪ ಕಾಲ ಅವನಿಗೆ ಭಕ್ತಿ ಎಷ್ಟು ಹತ್ತಿತೆಂದರೆ, ಮನೆಯವರು ಪಾಲಿಸದ ಆಹಾರ ನಿಯಮಗಳನ್ನು ತಾನೊಬ್ಬನೇ ಪಾಲಿಸಿದ. ದೇವರ ಮೇಲೆ ಪುಟ್ಟ ಹಾಡು ಕಟ್ಟಿ, ಶಾಲೆಗೆ ಹೋಗುವ ದಾರಿಯಲ್ಲಿ ಹಾಡಿಕೊಳ್ಳುತ್ತಿದ್ದ.

ಆ ಮನೆಗೆ ಪ್ರತಿ ಗುರುವಾರ ಮ್ಯಾಕ್ಸ್ ಟಾಲ್ಮುಡ್ ಎಂಬ ಬಡ ವೈದ್ಯಕೀಯ ವಿದ್ಯಾರ್ಥಿ ಊಟಕ್ಕೆ ಬರುತ್ತಿದ್ದ. ಓದುವ ಬಡ ಹುಡುಗರಿಗೆ ವಾರಕ್ಕೊಂದು ದಿನ ಊಟ ಹಾಕುವುದು ಅವರಲ್ಲಿದ್ದ ಪದ್ಧತಿ. ಇಲ್ಲಿರುವ ಹಿರಿಯರಿಗೆ ಬೇರೆ ವಿವರಣೆ ಬೇಡ, ನಮ್ಮ ವಾರಾನ್ನವೇ ಅದು. ಆ ವಾರಾನ್ನದ ಹುಡುಗ ಬರುವಾಗ ವಿಜ್ಞಾನದ ಪುಸ್ತಕಗಳನ್ನು ತಂದುಕೊಡುತ್ತಿದ್ದ. ಅವನ್ನು ಓದುತ್ತ, ಧರ್ಮಗ್ರಂಥದ ಕಥೆಗಳಲ್ಲಿ ಬಹಳಷ್ಟು ನಿಜವಾಗಿರಲಾರವು ಎಂದು ಆಲ್ಬರ್ಟನಿಗೆ ಅನ್ನಿಸತೊಡಗಿತು. ಹನ್ನೆರಡನೆಯ ವಯಸ್ಸಿಗೆ ಆ ಭಕ್ತಿ ಮುಗಿಯಿತು. ಅದೇ ವಯಸ್ಸಿನಲ್ಲಿ ಕೈಗೆ ಬಂದ ಒಂದು ರೇಖಾಗಣಿತದ ಪುಸ್ತಕವನ್ನು ಅವರು ಮುಂದೆ ಪವಿತ್ರ ಗ್ರಂಥ ಎಂದೇ ಕರೆದರು. ನಮ್ಮ ತರಗತಿಯಲ್ಲಿ ರೇಖಾಗಣಿತವನ್ನು ಹಾಗೆ ಕರೆದವರು ಯಾರೂ ಇರಲಿಲ್ಲ, ಗಣಿತದ ಮೇಷ್ಟ್ರು ಕ್ಷಮಿಸಬೇಕು.

ಭಕ್ತಿ ಹೋಯಿತು, ಬೆರಗು ಹೋಗಲಿಲ್ಲ. ನಮ್ಮ ಆಸೆ, ದುಃಖಗಳ ಹಂಗಿಲ್ಲದೆ ಹೊರಗೆ ಒಂದು ದೊಡ್ಡ ಜಗತ್ತಿದೆ, ಅದು ಒಗಟಿನಂತೆ ಎದುರಿಗೆ ನಿಂತಿದೆ, ಸ್ವಲ್ಪವಾದರೂ ಬಿಡಿಸಬಹುದು ಎಂಬ ಭಾವನೆ ಅವರನ್ನು ಕೊನೆಯವರೆಗೂ ಹಿಡಿದಿತ್ತು. ಅವರು ‘ಧರ್ಮ’ ಎಂಬ ಮಾತು ಬಳಸಿದಲ್ಲೆಲ್ಲ ಈ ಅರ್ಥವನ್ನು ನೆನಪಿಟ್ಟುಕೊಳ್ಳಬೇಕು.

1929ರಲ್ಲಿ ನ್ಯೂಯಾರ್ಕಿನ ಯಹೂದಿ ಗುರು ಹರ್ಬರ್ಟ್ ಗೋಲ್ಡ್‌ಸ್ಟೈನ್ ಒಂದು ತಂತಿ ಕಳಿಸಿದರು. ದೇವರನ್ನು ನಂಬುತ್ತೀರಾ? 50 ಪದಗಳ ಉತ್ತರಕ್ಕೆ ಹಣ ಕಟ್ಟಿದ್ದೇನೆ, ಎಂದು. ಐನ್‌ಸ್ಟೈನ್‌ಗೆ ಅಷ್ಟು ಪದಗಳೂ ಬೇಕಾಗಲಿಲ್ಲ. ಇರುವ ಎಲ್ಲದರ ಕ್ರಮಬದ್ಧ ಸಾಮರಸ್ಯದಲ್ಲಿ ಕಾಣುವ ಸ್ಪಿನೋಜಾನ ದೇವರನ್ನು ನಂಬುತ್ತೇನೆ. ಮನುಷ್ಯರ ಹಣೆಬರಹ, ನಡವಳಿಕೆಗಳನ್ನು ಲೆಕ್ಕ ಇಟ್ಟುಕೊಂಡು ಕೂರುವ ದೇವರನ್ನಲ್ಲ, ಎಂಬುದು ಉತ್ತರದ ಸಾರ. ಸ್ಪಿನೋಜಾ 17ನೇ ಶತಮಾನದ ಹಾಲೆಂಡಿನ ತತ್ತ್ವಜ್ಞಾನಿ. ಗಾಜಿನ ಮಸೂರ ಉಜ್ಜಿ ಜೀವನ ಮಾಡಿದವರು. ದೇವರೂ ನಿಸರ್ಗವೂ ಬೇರೆಬೇರೆಯಲ್ಲ ಎಂಬುದು ಅವರ ವಿಚಾರ. ಅವರ ಸಮುದಾಯ 1656ರಲ್ಲಿ ಅವರಿಗೆ ಬಹಿಷ್ಕಾರ ಹಾಕಿತ್ತು.

ನನಗೆ ಇದಕ್ಕಿಂತ ಇಷ್ಟವಾಗುವುದು ಇನ್ನೊಂದು ಪತ್ರ. 1936ರ ಜನವರಿಯಲ್ಲಿ ನ್ಯೂಯಾರ್ಕಿನ ಒಂದು ಚರ್ಚಿನ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೊಂದು ಪ್ರಶ್ನೆ ಎದ್ದಿತು: ವಿಜ್ಞಾನಿಗಳು ಪ್ರಾರ್ಥನೆ ಮಾಡುತ್ತಾರೆಯೇ? ಮಾಡಿದರೆ ಏನು ಬೇಡಿಕೊಳ್ಳುತ್ತಾರೆ? ಆರನೇ ತರಗತಿಯ ಫಿಲಿಸ್ ಎಂಬ ಹುಡುಗಿ ನೇರವಾಗಿ ಐನ್‌ಸ್ಟೈನ್‌ಗೇ ಬರೆದಳು. ಆಗ ಅವರು ಜಗತ್ತಿನಲ್ಲೇ ಅತಿ ಪ್ರಸಿದ್ಧ ವಿಜ್ಞಾನಿ. ಐದೇ ದಿನಕ್ಕೆ ಉತ್ತರ ಬರೆದರು.

ಮಗುವೆಂದು ಸಕ್ಕರೆ ಬೆರೆಸಲಿಲ್ಲ. ನಡೆಯುವುದೆಲ್ಲ, ಮನುಷ್ಯರ ವ್ಯವಹಾರವೂ ಸೇರಿ, ನಿಸರ್ಗದ ನಿಯಮಗಳಂತೆ ನಡೆಯುತ್ತದೆ ಎಂದು ವಿಜ್ಞಾನಿ ತಿಳಿಯುತ್ತಾನೆ. ಆದ್ದರಿಂದ ಬೇಡಿಕೊಂಡರೆ ಆಗುವುದು ಬದಲಾಗುತ್ತದೆ ಎಂದು ಅವನು ನಂಬಲಾರ, ಎಂದರು. ಆದರೆ ಅಲ್ಲಿಗೇ ನಿಲ್ಲಿಸಲಿಲ್ಲ. ಈ ನಿಯಮಗಳ ಬಗ್ಗೆ ನಮಗಿರುವ ತಿಳಿವಳಿಕೆ ಅಪೂರ್ಣ. ವಿಜ್ಞಾನದಲ್ಲಿ ಮನಸ್ಸಿಟ್ಟು ಕೆಲಸ ಮಾಡುವವನಿಗೆ ಆ ನಿಯಮಗಳಲ್ಲಿ ಮನುಷ್ಯನಿಗಿಂತ ಎಷ್ಟೋ ದೊಡ್ಡದಾದ ಚೈತನ್ಯವೊಂದು ಕಾಣುತ್ತದೆ. ಅದರ ಮುಂದೆ ಅವನು ತಲೆತಗ್ಗಿಸುತ್ತಾನೆ. ಅದೂ ಒಂದು ಬಗೆಯ ಧಾರ್ಮಿಕ ಭಾವನೆಯೇ, ಎಂದು ಸೇರಿಸಿದರು.

ಈ ಪತ್ರವನ್ನು ನಮ್ಮೂರಿಗೆ ತಂದು ನೋಡೋಣ. ಎಸ್ಸೆಸ್ಸೆಲ್ಸಿ ಪರೀಕ್ಷೆ ಬಂದರೆ ಹಾಲ್‌ಟಿಕೆಟ್ ದೇವರ ಮುಂದಿಡುತ್ತೇವೆ. ಇಡಲಿ, ಮಕ್ಕಳಿಗೆ ಧೈರ್ಯ ಬರುತ್ತದೆ. ನಾನೂ ಇಟ್ಟವನೇ. ಆದರೆ ಮಗು ಫೇಲಾದಾಗ ‘ಹರಕೆ ತೀರಿಸಲಿಲ್ಲ’, ‘ಗ್ರಹಚಾರ’ ಎಂದು ಮನೆಯವರು ಕೊರಗುವುದನ್ನು ಕಂಡಿದ್ದೇನೆ. ಆ ಮಗುವಿಗೆ ಏಳನೇ ತರಗತಿಯಿಂದಲೇ ಭಿನ್ನರಾಶಿ ಅರ್ಥವಾಗಿರಲಿಲ್ಲ. ಯಾರೂ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟಿರಲಿಲ್ಲ. ಗ್ರಹಚಾರ ಎಂದುಬಿಟ್ಟರೆ ಭಿನ್ನರಾಶಿಯ ಕಡೆ ಯಾರೂ ನೋಡುವುದಿಲ್ಲ, ಮಗುವಿನ ಶಾಲೆ ಅಲ್ಲಿಗೆ ಮುಗಿಯುತ್ತದೆ. ಬೆಂಗಳೂರಿನ ಆಫೀಸುಗಳಲ್ಲಿ ಆಯುಧಪೂಜೆಯ ದಿನ ನಾವು ಲ್ಯಾಪ್‌ಟಾಪಿಗೂ ಕುಂಕುಮ ಇಡುತ್ತೇವೆ. ಆದರೆ ಮರುದಿನ ಪ್ರೋಗ್ರಾಂ ಕೈಕೊಟ್ಟರೆ ಕುಂಕುಮ ಕಡಿಮೆಯಾಯಿತು ಎಂದು ಯಾರೂ ಹೇಳುವುದಿಲ್ಲ. ಒಂದೊಂದೇ ಸಾಲು ನೋಡಿ ತಪ್ಪು ಹುಡುಕುತ್ತೇವೆ. ಯಂತ್ರಕ್ಕೆ ತೋರಿಸುವ ಈ ತಾಳ್ಮೆಯನ್ನು ಮಗುವಿಗೆ ಏಕೆ ತೋರಿಸುವುದಿಲ್ಲ ಎಂಬುದು ನನ್ನ ಪ್ರಶ್ನೆ.

ವಾಟ್ಸಾಪ್‌ನಲ್ಲಿ ಬರುವ ಇನ್ನೊಂದು ಮಾತು ನಿಮಗೂ ಗೊತ್ತಿರಬಹುದು: ಧರ್ಮವಿಲ್ಲದ ವಿಜ್ಞಾನ ಕುಂಟು, ವಿಜ್ಞಾನವಿಲ್ಲದ ಧರ್ಮ ಕುರುಡು, ಎಂಬ ಅರ್ಥದ್ದು. ಕುರುಡನ ಹೆಗಲ ಮೇಲೆ ಕುಂಟ ಕೂತು ದಾರಿ ತೋರಿಸುವ ಹೋಲಿಕೆ ಸಾಂಖ್ಯರಲ್ಲೂ ಇದೆ, ಹಾಗಾಗಿ ನಮಗೆ ಬೇಗ ಹಿಡಿಸುತ್ತದೆ. ಇದು ಐನ್‌ಸ್ಟೈನ್ ಅವರದೇ ಮಾತು, 1940ರಲ್ಲಿ ನ್ಯೂಯಾರ್ಕಿನ ಒಂದು ಸಮ್ಮೇಳನಕ್ಕೆ ಬರೆದ ಲೇಖನದ್ದು. ಆದರೆ ಅದೇ ಲೇಖನದಲ್ಲಿ, ಬೇಡಿದ್ದನ್ನು ಕೊಡುವ, ಶಿಕ್ಷೆ ವಿಧಿಸುವ ದೇವರ ಕಲ್ಪನೆಯನ್ನು ಧರ್ಮಗುರುಗಳು ಕೈಬಿಡಬೇಕು ಎಂದೂ ಬರೆದಿದ್ದಾರೆ. ಅದಕ್ಕೆ ಅಮೆರಿಕದಲ್ಲಿ ದೊಡ್ಡ ಗಲಾಟೆಯೇ ಆಯಿತು. ಆ ಭಾಗ ಮಾತ್ರ ಫಾರ್ವರ್ಡ್ ಆಗುವುದಿಲ್ಲ.

ಹಾಗೆಂದು ಎದುರು ಪಕ್ಷದವರು ಹಿಗ್ಗಬೇಕಾಗಿಲ್ಲ. 1949ರಲ್ಲಿ ಕೇಳಿದವರೊಬ್ಬರಿಗೆ, ಬೇಕಾದರೆ ನನ್ನನ್ನು ಅಜ್ಞೇಯವಾದಿ ಎನ್ನಿ, ಆದರೆ ನಾಸ್ತಿಕತೆಯನ್ನೇ ವೃತ್ತಿ ಮಾಡಿಕೊಂಡವರ ಆವೇಶ ನನ್ನದಲ್ಲ, ವಿನಯವೇ ನನಗೆ ಮೇಲು, ಎಂಬರ್ಥದಲ್ಲಿ ಬರೆದರು. 1954ರಲ್ಲಿ, ಸಾಯುವ ಹಿಂದಿನ ವರ್ಷ, ಎರಿಕ್ ಗುಟ್‌ಕಿಂಡ್ ಎಂಬ ಚಿಂತಕರಿಗೆ ಇನ್ನೂ ಖಾರವಾಗಿ, ದೇವರೆಂಬ ಮಾತು ಮನುಷ್ಯರ ದೌರ್ಬಲ್ಯದಿಂದ ಹುಟ್ಟಿದ್ದು ಎಂದು ಬರೆದರು. 2018ರಲ್ಲಿ ಆ ಪತ್ರ ಸುಮಾರು 29 ಲಕ್ಷ ಡಾಲರಿಗೆ ಹರಾಜಾಯಿತು.

ದೇವರ ಭಯವಿಲ್ಲದಿದ್ದರೆ ಮಕ್ಕಳು ಕೆಡುವುದಿಲ್ಲವೇ ಎಂದು ಹಿರಿಯರು ಕೇಳಬಹುದು. ಇದನ್ನೂ ಅವರು 1930ರ ಒಂದು ಲೇಖನದಲ್ಲಿ ಎತ್ತಿಕೊಂಡಿದ್ದಾರೆ. ನೀತಿಗೆ ಅನುಕಂಪ, ಶಿಕ್ಷಣ, ಪರಸ್ಪರ ಸಂಬಂಧಗಳೇ ಸಾಕು. ಸತ್ತ ಮೇಲಿನ ಶಿಕ್ಷೆಯ ಭಯಕ್ಕೋ ಬಹುಮಾನದ ಆಸೆಗೋ ಮಾತ್ರ ಮನುಷ್ಯ ಒಳ್ಳೆಯವನಾಗಿರುವುದಾದರೆ ಅವನ ಸ್ಥಿತಿ ಶೋಚನೀಯ, ಎಂಬುದು ಅವರ ನಿಲುವು. ಇದರಲ್ಲಿ ನಾನು ಪೂರ್ತಿ ಅವರ ಪಕ್ಷ. ಈ ಶಾಲೆಯಲ್ಲಿ ಸಂಜೆ ಆರರವರೆಗೆ ಸಂಬಳವಿಲ್ಲದ ತರಗತಿ ತೆಗೆದುಕೊಂಡ ಮೇಷ್ಟ್ರುಗಳು ನರಕಕ್ಕೆ ಹೆದರಿ ಹಾಗೆ ಮಾಡಲಿಲ್ಲ.

ಅವರಿಗೂ ಒಂದು ನಂಬಿಕೆ ಇತ್ತು. 1930ರ ಜುಲೈನಲ್ಲಿ ರವೀಂದ್ರನಾಥ ಠಾಕೂರರು ಬರ್ಲಿನ್ ಹತ್ತಿರದ ಕಾಪುಟ್‌ನಲ್ಲಿದ್ದ ಅವರ ಮನೆಗೆ ಹೋಗಿದ್ದಾಗ, ಸತ್ಯ ಮನುಷ್ಯನನ್ನು ಬಿಟ್ಟು ಇದೆಯೇ ಎಂದು ಚರ್ಚೆಯಾಯಿತು. ಇಲ್ಲ ಎಂದರು ಕವಿ. ಮನೆಯಲ್ಲಿ ಯಾರೂ ಇಲ್ಲದಿದ್ದರೂ ಮೇಜು ಇದ್ದಲ್ಲೇ ಇರುತ್ತದೆ, ಎಂದರು ವಿಜ್ಞಾನಿ. ಇದನ್ನು ಸಾಧಿಸಿ ತೋರಿಸಲು ನನಗಾಗದು, ಆದರೂ ನಂಬುತ್ತೇನೆ, ಹಾಗಾದರೆ ನಿಮಗಿಂತ ನಾನೇ ಹೆಚ್ಚು ಧಾರ್ಮಿಕ, ಎಂದೂ ಹೇಳಿದರು.

ಆ ನಂಬಿಕೆಯೂ ಪರೀಕ್ಷೆಗೆ ಕೂರಬೇಕಾಯಿತು. ಅಣುವಿನೊಳಗಿನ ಲೋಕ ಸಂಭವನೀಯತೆಯ ಲೆಕ್ಕದಲ್ಲಿ ನಡೆಯುತ್ತದೆ ಎಂದು ಕ್ವಾಂಟಂ ಸಿದ್ಧಾಂತ ಹೇಳಿದಾಗ, ದೇವರು ದಾಳ ಉರುಳಿಸುವವನಲ್ಲ ಎಂದು 1926ರಲ್ಲಿ ಮ್ಯಾಕ್ಸ್ ಬಾರ್ನ್‌ಗೆ ಬರೆದವರು ಅವರೇ. ಅವರು ತೀರಿಕೊಂಡ ಮೇಲೆ, 1964ರಲ್ಲಿ ಜಾನ್ ಬೆಲ್ ಅದನ್ನು ಪ್ರಯೋಗದಿಂದ ಪರೀಕ್ಷಿಸುವ ದಾರಿ ತೋರಿಸಿದರು. ಫಲಿತಾಂಶ ಐನ್‌ಸ್ಟೈನ್ ಬಯಸಿದಂತೆ ಬರಲಿಲ್ಲ. ಆ ಪ್ರಯೋಗಗಳಿಗೆ 2022ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅಷ್ಟು ದೊಡ್ಡವರು ಹೇಳಿದ್ದಾರಲ್ಲ ಎಂದು ಭೌತಶಾಸ್ತ್ರದವರು ಯಾರೂ ಸುಮ್ಮನಾಗಲಿಲ್ಲ.

ಮಕ್ಕಳೇ, ಫಿಲಿಸ್ ಕೇಳಿದಂಥ ಪ್ರಶ್ನೆ ನಿಮ್ಮಲ್ಲಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ಹೆಸರು ಬರೆಯಬೇಕಾಗಿಲ್ಲ. ಊಟದ ಗಂಟೆ ಹೊಡೆಯುವವರೆಗೂ ನಾನು ಇಲ್ಲೇ ಇರುತ್ತೇನೆ.